ಮೂಲೆಯ ಸೇವಂತಿಗೆ

ಇವತ್ತು ಬೆಳಿಗ್ಗೆ ಸವಣೂರಿನ ಎಲೆ ಅಂಗಡಿಯಲ್ಲಿ ಯಾರೋ ತಂಬಾಕಿನ ಪೊಟ್ಟಣ ಒಡೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎಲೆ ಕೊಳ್ಳುವುದನ್ನೂ ಮರೆತು ನಿಂತುಬಿಟ್ಟೆ. ನನಗೆ ತಂಬಾಕಿನ ಚಟವಿದೆ ಎಂದು ಅಂಗಡಿಯವನು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಆ ವಾಸನೆ ಬಂದರೆ ನನಗೆ ಪಕ್ಕದ ಮನೆಯ ಶಾಂತಕ್ಕ ನೆನಪಾಗುತ್ತಾರೆ.

ನಾನು ಬ್ಲೌಸ್ ಹೊಲಿಯುವ ಒಂಟಿ ಹೆಂಗಸು. ಮನೆಯಲ್ಲಿ ನನ್ನೊಡನೆ ಸದ್ದು ಮಾಡುವುದು ಮಷಿನ್ ಒಂದೇ, ಅದಕ್ಕೂ ಆಗಾಗ ಎಣ್ಣೆ ಬಿಡಬೇಕು. ನನ್ನ ಹಿತ್ತಿಲಿಗೂ ಶಾಂತಕ್ಕನ ಹಿತ್ತಿಲಿಗೂ ನಡುವೆ ಎದೆಮಟ್ಟದ ಗೋಡೆ. ಎರಡೂ ಕಡೆ ಹಳದಿ ಸೇವಂತಿಗೆ. ಒಂದು ವರ್ಷ ನನ್ನ ಗಿಡಗಳ ಎಳೆಯ ಕುಡಿಗಳಿಗೆಲ್ಲ ಸಾಸಿವೆಯಂಥ ಕರಿ ಹೇನು ಮುತ್ತಿದವು. ಎಷ್ಟು ತೊಳೆದರೂ ವಾರದೊಳಗೆ ಮತ್ತೆ ಹಾಜರು. ಗೋಡೆಯ ಆಚೆ ನಿಂತು ನೋಡುತ್ತಿದ್ದ ಶಾಂತಕ್ಕ ನಕ್ಕರು.

“ನೀ ಒಬ್ಬಾಕಿ ತೊಳದ್ರ ಏನಾಗತೈತವಾ? ನಿಮ್ಮಲ್ಲಿಂದ ಓಡಿಸಿದ್ವು ನಮ್ಮಲ್ಲಿ ಬರ್ತಾವ, ನಮ್ಮಲ್ಲಿಂದ ಓಡಿಸಿದ್ವು ನಿಮ್ಮಲ್ಲಿ. ಇಬ್ಬರೂ ಒಂದ ಹೊತ್ತಿಗೆ ಹೊಡೀಬೇಕ.”

ಅಂದಿನಿಂದ ಮಂಗಳವಾರದ ಸಂಜೆ ನಮ್ಮದಾಯಿತು. ಸೋಮವಾರದ ಪೂಜೆಗೆ ಹೂ ಬಿಡಿಸಿದ ಮೇಲೆ ಔಷಧ. ಮುಂದಿನ ಪೂಜೆಯ ಹೊತ್ತಿಗೆ ಘಾಟು ಇಳಿದಿರುತ್ತಿತ್ತು. ತಂಬಾಕು ನೆನೆಹಾಕಿ ಕುದಿಸುವುದು ಅವರ ಪಾಲು. ಬಟ್ಟೆ ಸಾಬೂನು ಹೆರೆದು ಕೊಡುವುದು, ಹೊಲಿಗೆಯಲ್ಲಿ ಉಳಿದ ಲೈನಿಂಗ್ ಬಟ್ಟೆಯಲ್ಲಿ ಸೋಸುವುದು ನನ್ನ ಪಾಲು. ಗೋಡೆಗೆ ಎದುರುಬದುರು ನಿಂತು, ಎಲೆಗಳ ಅಡಿಗೆ ಪಂಪು ತಿರುಗಿಸಿ ಹೊಡೆಯುತ್ತ ಮಾತಿಗಿಳಿಯುತ್ತಿದ್ದೆವು. ಹಾನಗಲ್ಲಿನ ಅವರ ಸೊಸೆ, ಹಂಸಭಾವಿಯ ತಮ್ಮ, ಯಾರದೋ ಬ್ಲೌಸಿಗೆ ನಾನು ಎಡಬಲ ಮಾಡಿ ಇಟ್ಟ ತೋಳು, ಯಾವುದೂ ಉಳಿಯುತ್ತಿರಲಿಲ್ಲ. ಔಷಧ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ.

ಒಂದಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತಿತ್ತು. ತಮ್ಮ ಹಿತ್ತಿಲ ಮೂಲೆಯಲ್ಲಿದ್ದ ಒಂದು ಗಿಡಕ್ಕೆ ಶಾಂತಕ್ಕ ಎಂದೂ ಔಷಧ ಹೊಡೆಯುತ್ತಿರಲಿಲ್ಲ.

“ಅದರಾಗ ಹೇನು ತುಂಬ್ಯಾವ್ರಿ ಅಕ್ಕಾ. ಅಲ್ಲಿಂದನ ಮತ್ತ ಹಬ್ಬತಾವ,” ಎನ್ನುತ್ತಿದ್ದೆ.

“ಇರ್ಲಿ ಬಿಡವಾ. ಎಲ್ಲಾ ಸತ್ತು ಹೋದ್ರ ಮುಂದಿನ ಮಂಗಳಾರ ನೀ ಯಾಕ ಗ್ವಾಡಿ ಕಡೆ ಬರ್ತಿ?” ಎನ್ನುತ್ತಿದ್ದರು.

ಮುದುಕಿಯ ಚೇಷ್ಟೆ ಎಂದು ನಗುತ್ತಿದ್ದೆ.

ಹೋದ ವರ್ಷ ಶಾಂತಕ್ಕ ತೀರಿಕೊಂಡರು. ಮನೆಗೆ ಬೀಗ ಬಿತ್ತು. ಗೋಡೆಯ ಆಚೆಯ ಗಿಡಗಳು ನೀರಿಲ್ಲದೆ ಒಣಗಿದವು. ನಾನು ಅಂಗಡಿಯಿಂದ ಬೇವಿನೆಣ್ಣೆ ತಂದು ಹೊಡೆದೆ, ಹಳದಿ ಅಂಟುಹಾಳೆ ಕಟ್ಟಿದೆ. ಒಂದು ಹೇನೂ ಉಳಿಯಲಿಲ್ಲ. ಗಿಡ ಎಷ್ಟು ಚೆಂದ ಬಂದವು ಅಂತೀರಿ! ಮಂಗಳವಾರ ಸಂಜೆ ರೂಢಿಯಂತೆ ಪಂಪು ಹಿಡಿದು ಹಿತ್ತಿಲಿಗೆ ಹೋದರೆ ಮಾಡುವ ಕೆಲಸವೇ ಇರಲಿಲ್ಲ. ಎಲೆಎಲೆಯನ್ನೂ ಮಗುಚಿ ನೋಡಿದೆ. ಗಿಡದಲ್ಲಿ ಹೇನು ಕಾಣಲಿಲ್ಲವೆಂದು ಅತ್ತ ಹೆಂಗಸನ್ನು ನೀವು ನೋಡಿರಲಿಕ್ಕಿಲ್ಲ. ನಾನು ಅತ್ತೆ.

ಈಗ್ಗೆ ಕೆಲವು ತಿಂಗಳ ಹಿಂದೆ ಆ ಮನೆಗೆ ಶಿಗ್ಗಾವಿ ಕಡೆಯ ಒಬ್ಬ ನರ್ಸ್ ಬಾಡಿಗೆಗೆ ಬಂದಳು. ದುಡಿದು ಬಂದು ಬಾಗಿಲು ಹಾಕಿಕೊಳ್ಳುತ್ತಾಳೆ. ನಕ್ಕರೆ ನಗುತ್ತಾಳೆ, ಅಷ್ಟೇ. ಅವಳು ಹಿತ್ತಿಲಲ್ಲಿ ಸೇವಂತಿಗೆ ಕುಂಡಗಳನ್ನಿಟ್ಟದ್ದು ಕಂಡ ದಿನದಿಂದ ನಾನು ನನ್ನ ಮೂಲೆಯ ಗಿಡಕ್ಕೆ ಔಷಧ ಹೊಡೆಯುವುದನ್ನು ಬಿಟ್ಟಿದ್ದೇನೆ. ಅದರ ಕುಡಿಗಳಿಗೆ ಮತ್ತೆ ಹೇನು ಹತ್ತಿವೆ.

ಇವತ್ತು ಅಂಗಡಿಯಲ್ಲಿ ಎಲೆಯ ಜೊತೆಗೆ ಸ್ವಲ್ಪ ತಂಬಾಕನ್ನೂ ಕಟ್ಟಿಸಿಕೊಂಡು ಮನೆಗೆ ಬಂದೆ. ಸಂಜೆ ಹಿತ್ತಿಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಗೋಡೆಯ ಆಚೆಯಿಂದ ಅವಳ ದನಿ ಕೇಳಿತು. ತುಸು ಸಿಟ್ಟಿನ ದನಿಯೇ.

“ಅಕ್ಕಾರ, ನಿಮ್ಮ ಗಿಡದಾಗಿನ ಹೇನು ನಮ್ಮ ಗಿಡಕ್ಕ ಬಂದಾವ್ ನೋಡ್ರಿ!”

ಬಟ್ಟೆಯನ್ನು ಅಲ್ಲೇ ಬಿಟ್ಟು ಗೋಡೆಯ ಹತ್ತಿರ ಓಡಿದೆ.

“ಹೌದೇನವಾ? ಒಬ್ಬರ ಹೊಡದ್ರ ಹೋಗೂದಿಲ್ಲ ಅವು. ಮಂಗಳಾರ ಸಂಜಿಕೆ ಬಾ, ಇಬ್ಬರೂ ಕೂಡೇ ಹೊಡಿಯೂಣು. ತಂಬಾಕ ನಾ ನೆನಸತೇನಿ, ನೀ ಸಾಬೂನ ಹೆರಿ.”