ಗಾಜಿನ ಅಂಚಿನಲ್ಲಿ ಕಂಡದ್ದು

ದೆವ್ವ, ಗಾಳಿ, ಮೈಮೇಲೆ ಬರುವುದು ಇದನ್ನೆಲ್ಲ ನಾನು ನಂಬಿದವಳಲ್ಲ. ಅದಕ್ಕೆ ನನ್ನ ಕೆಲಸವೇ ಕಾರಣ. ಕೊಳ್ಳೇಗಾಲದ ಒಂದು ಖಾಸಗಿ ಲ್ಯಾಬಿನಲ್ಲಿ ಊರವರ ರಕ್ತ, ಮಲ, ಮೂತ್ರ ನೋಡಿಕೊಂಡೇ ನನ್ನ ಅರ್ಧ ಆಯಸ್ಸು ಕಳೆದಿದೆ. ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ಬಡಿಸಿಕೊಂಡು, ತಾಯಿತ ಕಟ್ಟಿಸಿಕೊಂಡು, ಕಟ್ಟಕಡೆಗೆ ನಮ್ಮಲ್ಲಿಗೆ ಬಂದ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಅವರ ಮಲದಲ್ಲಿ ಕೊಕ್ಕೆಹುಳದ ಮೊಟ್ಟೆಗಳಿರುತ್ತಿದ್ದವು, ಮೈಯಲ್ಲಿ ರಕ್ತವೇ ಇರುತ್ತಿರಲಿಲ್ಲ. ಹುಳದ ಮಾತ್ರೆ ನುಂಗಿ, ಕಬ್ಬಿಣದ ಟಾನಿಕ್ ಕುಡಿದರೆ ಆ ದೆವ್ವ ತಾನಾಗಿ ಇಳಿದುಹೋಗುತ್ತಿತ್ತು. ಹಾಗಾಗಿ ಯಾರಾದರೂ ಇಂಥ ಕಥೆ ಶುರುಮಾಡಿದರೆ, "ಮೊದಲು ರಕ್ತ ಕೊಟ್ಟು ಆಮೇಲೆ ಹೇಳಿ" ಎಂದು ನಗುತ್ತಿದ್ದೆ. ಈಗ ನನ್ನ ಕಥೆ ಕೇಳಿ ನೀವು ನಕ್ಕರೆ ನನಗೆ ಬೇಸರವೇನೂ ಇಲ್ಲ.

ನನಗೆ ಕೆಲಸ ಕಲಿಸಿದವರು ಯಳಂದೂರಿನ ಶಿವಮಲ್ಲಪ್ಪನವರು. ದೊಡ್ಡ ಮುಂಗೋಪಿ. ತನ್ನಷ್ಟು ಚೆನ್ನಾಗಿ ಸ್ಲೈಡ್ ಓದುವವನು ಮೈಸೂರು ಸೀಮೆಯಲ್ಲೇ ಇಲ್ಲ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಗಾಜಿನ ಮೇಲೆ ಎಳೆದ ರಕ್ತದ ನಡುಭಾಗವನ್ನಷ್ಟೇ ನೋಡಿ ಎದ್ದುಬಿಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನಾವು ಅವಸರದಲ್ಲಿ ಸ್ಲೈಡ್ ತೆಗೆಯಲು ಕೈ ಹಾಕಿದರೆ ಸಾಕು, ಹಿಂದಿನಿಂದ ಬಂದು ಮೈಕ್ರೋಸ್ಕೋಪಿನ ಕಬ್ಬಿಣದ ತಟ್ಟೆಯ ಮೇಲೆ ನಶ್ಯ ಹಿಡಿದ ಉಗುರಿನಿಂದ ಟಕ್ ಟಕ್ ಎಂದು ಎರಡು ಸಲ ತಟ್ಟುತ್ತಿದ್ದರು. ಕಣ್ಣೆದುರಿನ ಚಿತ್ರವೆಲ್ಲ ನಡುಗಿಹೋಗುತ್ತಿತ್ತು. "ಅಂಚ ಯಾರು ನೋಡ್ತಾರ, ನಿಮ್ಮಪ್ಪನಾ?" ಎನ್ನುತ್ತಿದ್ದರು. ನಾನು ಹೇಳುತ್ತಿರುವ ಕಾಲಕ್ಕೆ ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರನ್ನು ಸಮಾಧಿಯಲ್ಲಿ ಕೂರಿಸಿದಾಗ ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದಿದ್ದೆ.

ಒಂದು ಬೇಸಿಗೆಯ ಮಧ್ಯಾಹ್ನ ಹನೂರು ಕಡೆಯ ನಂಜುಂಡ ಎಂಬ ಲಾರಿ ಡ್ರೈವರ್ ಜ್ವರವೆಂದು ಬಂದ. ಕರಿಕಲ್ಲು ತುಂಬಿಕೊಂಡು ಒಡಿಶಾದವರೆಗೆ ಹೋಗಿ, ಲೋಡಿಗಾಗಿ ಅಲ್ಲೇ ಬಹಳ ದಿನ ಕಾದು, ಬರುವಾಗ ಈ ಜ್ವರ ತಂದಿದ್ದ. ಜೊತೆಗೆ ಹೆಂಡತಿ ಸುಂದ್ರಮ್ಮ. ಹಲ್ಲು ಕಟಕಟ ಅನ್ನುತ್ತಿದ್ದರೂ ಅವನ ಬಾಯಿ ಸುಮ್ಮನಿರಲಿಲ್ಲ.

"ಮೆಲ್ಲಕ ಚುಚ್ಚಕ್ಕ. ಘಾಟ್ ರೋಡಲ್ಲಿ ಎದರದೋನು ನಾನು, ಸೂಜಿಗ ಎದರ್ತೀನಿ."

"ನಾಳಿದ್ದು ಲೋಡ್ ಅದ ಅಂತ ಕುಣಿತಾವ್ರ ಕಣಕ್ಕ" ಎಂದಳು ಸುಂದ್ರಮ್ಮ. "ಓಗಬ್ಯಾಡ ಅಂತ ನೀವಾರ ಏಳಿ."

ನಮ್ಮ ಕಡೆ ಮಲೇರಿಯಾ ಈಗ ಅಪರೂಪ. ಬಂದರೂ ಸಾಮಾನ್ಯವಾಗಿ ವೈವಾಕ್ಸ್ ಎಂಬ ಜಾತಿಯದು. ಅದು ನರಳಿಸುತ್ತದೆ, ಕೊಲ್ಲುವುದು ಕಡಿಮೆ. ಫಾಲ್ಸಿಪೇರಂ ಎಂಬ ಇನ್ನೊಂದು ಜಾತಿ ಹಾಗಲ್ಲ, ಮಿದುಳಿಗೆ ಏರಿದರೆ ಆಳು ಉಳಿಯುವುದು ಕಷ್ಟ. ಎರಡಕ್ಕೂ ಔಷಧಿ ಬೇರೆ ಬೇರೆ. ಯಾವ ಜಾತಿ ಎಂದು ತಪ್ಪಾಗಿ ಬರೆದರೆ ಮಾತ್ರೆಯೂ ತಪ್ಪುತ್ತದೆ.

ಮೊದಲು ಜಾತಿಗೊಂದು ಗೆರೆ ತೋರಿಸುವ ಕಿಟ್ಟಿನಲ್ಲಿ ರಕ್ತ ಹಾಕಿದೆ. ವೈವಾಕ್ಸ್ ಗೆರೆ ಮೂಡಿತು, ಇನ್ನೊಂದು ಮೂಡಲಿಲ್ಲ. ಬಿಸಿಲು ಬೀಳುವ ಕಪಾಟಿನಲ್ಲಿ ಇಟ್ಟಿದ್ದ ಕಿಟ್ಟು ಅದು, ಅಷ್ಟನ್ನೇ ನಂಬಲು ನನಗೆ ಮನಸ್ಸಾಗಲಿಲ್ಲ. ಸ್ಲೈಡ್ ಮಾಡೋಣವೆಂದರೆ ತೊಳೆದಿಟ್ಟ ಗಾಜುಗಳು ಇನ್ನೂ ಒದ್ದೆಯಾಗಿದ್ದವು. ನಮ್ಮಲ್ಲಿ ಮಲೇರಿಯಾದ ಹುಳ ಸಿಗದ ಸ್ಲೈಡುಗಳನ್ನು ಎಸೆಯುವ ಪದ್ಧತಿಯಿಲ್ಲ, ಸೋಪಿನ ನೀರಲ್ಲಿ ನೆನೆಸಿ, ಉಜ್ಜಿ, ಮತ್ತೆ ಬಳಸುತ್ತೇವೆ. ಅವತ್ತು ವಿಧಿಯಿಲ್ಲದೆ ಹೊಸ ಡಬ್ಬಿ ಒಡೆದೆ. ಅಷ್ಟರಲ್ಲಿ ಕರೆಂಟು ಹೋಯಿತು. ಕನ್ನಡಿಯಿರುವ ಹಳೆಯ ಮೈಕ್ರೋಸ್ಕೋಪನ್ನು ಅಟ್ಟದಿಂದ ಇಳಿಸಿ, ಕಿಟಕಿಯ ಬಿಸಿಲಿಗೆ ತಿರುಗಿಸಿ ಕೂತೆ. ಅದು ಶಿವಮಲ್ಲಪ್ಪನವರದ್ದೇ ಆಗಿತ್ತು ಎಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಅಲ್ಲ, ಲ್ಯಾಬಿನ ಯಜಮಾನರು ಎಲ್ಲೋ ಗುಜರಿಯಲ್ಲಿ ಕೊಂಡದ್ದು.

ವೈವಾಕ್ಸ್ ಸ್ಪಷ್ಟವಾಗಿ ಕಂಡಿತು. ಊದಿಕೊಂಡ ರಕ್ತಕಣ, ಒಳಗೆ ಉಂಗುರ. ಕಿಟ್ಟೂ ಅದನ್ನೇ ಹೇಳಿತ್ತು. ಸರಿ ಎಂದು ಸ್ಲೈಡ್ ತೆಗೆಯಲು ಕೈ ಹಾಕಿದೆ.

ಟಕ್ ಟಕ್.

ತಿರುಗಿ ನೋಡಿದೆ. ಕೋಣೆಯಲ್ಲಿ ಯಾರೂ ಇಲ್ಲ, ಬಾಗಿಲು ಮುಚ್ಚಿತ್ತು. ಹಲ್ಲಿಯಿರಬೇಕು ಎಂದುಕೊಂಡು, ಯಾಕೋ ಮತ್ತೆ ಕಣ್ಣಿಟ್ಟೆ. ಆಗ ಇನ್ನೊಮ್ಮೆ ತಟ್ಟಿದ ಸದ್ದು, ನನ್ನ ಕಣ್ಣಿನ ಕೆಳಗೇ. ಚಿತ್ರ ನಡುಗಿತು. ಸದ್ದನ್ನಾದರೆ ಕಿವಿಯ ಭ್ರಮೆ ಎನ್ನಬಹುದು. ಆ ನಡುಕವನ್ನು ನಾನು ಕಲಿಯುವ ಕಾಲದಲ್ಲಿ ಅದೆಷ್ಟು ಸಲ ನೋಡಿದ್ದೆನೋ, ಅದನ್ನು ಗುರುತಿಸುವುದರಲ್ಲಿ ನಾನು ತಪ್ಪುವುದಿಲ್ಲ. ಬೈಗುಳ ಬೀಳುವ ಮೊದಲೇ ಮಾಡಿಬಿಡೋಣ ಎನ್ನುವ ಹಾಗೆ, ಕೈ ತಾನಾಗಿ ಸ್ಲೈಡನ್ನು ಅಂಚಿಗೆ ಸರಿಸಿತು.

ಅಲ್ಲಿತ್ತು. ಬಾಳೆಹಣ್ಣಿನ ಹಾಗೆ ಬಾಗಿದ್ದು. ಸ್ವಲ್ಪ ಆಚೆ ಇನ್ನೊಂದು. ಫಾಲ್ಸಿಪೇರಂ ಬಲಿತಾಗ ಹಾಗಿರುತ್ತದೆ, ಬೇರೆ ಯಾವುದೂ ಹಾಗಿರುವುದಿಲ್ಲ. ಮಾರ್ಕರಿನಲ್ಲಿ ಆ ಜಾಗಕ್ಕೆ ಸುತ್ತು ಹಾಕಿ ಯಜಮಾನರನ್ನು ಕೂಗಿದೆ.

ಯಜಮಾನರು ಓದಿದ್ದು ಬಿ.ಕಾಂ. ರಿಪೋರ್ಟಿಗೆ ಸಹಿ ಹಾಕುವ ಡಾಕ್ಟರು ಇರುವುದು ಮೈಸೂರಿನಲ್ಲಿ, ಅವರ ಸಹಿ ಮಾತ್ರ ನಮ್ಮ ಕಂಪ್ಯೂಟರಿನಲ್ಲಿ ಸದಾ ಕೂತಿರುತ್ತದೆ. ಯಜಮಾನರು ಬಂದು ಒಂದು ಕಣ್ಣು ಮುಚ್ಚಿ ಇಣುಕಿದರು. "ನಂಗೇನೂ ಕಾಣಲ್ವಲ್ಲಮ್ಮ" ಎಂದರು. ಆಗ ಬಿಸಿಲಿಗೆ ಮೋಡ ಅಡ್ಡ ಬಂದಿತ್ತೋ, ಅವರಿಗೆ ನೋಡಲು ಬರಲಿಲ್ಲವೋ, ನಿಜಕ್ಕೂ ಅಲ್ಲಿ ಏನೂ ಇರಲಿಲ್ಲವೋ, ನಾನು ಹೇಳಲಾರೆ.

"ಕಿಟ್ ಏನ್ ತೋರಿಸ್ತು?"

"ವೈವಾಕ್ಸ್ ಸಾ. ಸ್ಲೈಡಲ್ಲಿ ಎರಡೂ ಅದ."

"ತೊಳ್ದ ಗಾಜಲ್ವಾ? ಯಾರದ್ದೋ ಹಳೇ ರಕ್ತ ಅಂಟ್ಕಂಡಿರ್ತದೆ."

"ಹೊಸ ಡಬ್ಬಿದು ಸಾ."

"ಹೊಸ ಡಬ್ಬಿ ಯಾಕ್ ಒಡೆದೆ?"

ಒಬ್ಬನ ಪ್ರಾಣದ ಮಾತು ತೆಗೆದರೆ ಆ ಮನುಷ್ಯನಿಗೆ ಕಂಡದ್ದು ಡಬ್ಬಿ. ಜಿಲ್ಲೆಯಲ್ಲೇ ಇಲ್ಲದ ಕಾಯಿಲೆ ನಮ್ಮ ಲ್ಯಾಬಿನಲ್ಲಿ ಹುಟ್ಟಿತೆಂದರೆ ಆರೋಗ್ಯ ಇಲಾಖೆಯ ಆಫೀಸಿನವರು ಬಂದು ಕೂರುತ್ತಾರೆ, ಅವರಿಗೆ ಉತ್ತರ ಹೇಳುವವರು ಯಾರು ಎಂದರು. ಕರೆಂಟು ಬಂದದ್ದೇ ತಡ, ಪ್ರಿಂಟರಿನಿಂದ ವೈವಾಕ್ಸ್ ಎಂದು ರಿಪೋರ್ಟ್ ಹೊರಬಂತು, ಸಹಿಯ ಸಮೇತ.

ನಾನು ಸುಮ್ಮನಿರಲಿಲ್ಲ. ನಂಜುಂಡನನ್ನು ನೋಡುತ್ತಿದ್ದ ಡಾಕ್ಟರಿಗೆ ಫೋನ್ ಮಾಡಿದೆ. "ರಿಪೋರ್ಟಲ್ಲಿ ಏನಿದೆ ಅಷ್ಟು ಹೇಳಮ್ಮ, ನಿನ್ನ ಅನುಮಾನ ನಂಗ್ಯಾಕೆ" ಎಂದರು. ಹೊರಗೆ ಹೋಗಿ ಸುಂದ್ರಮ್ಮನ ಕೈ ಹಿಡಿದುಕೊಂಡು, ನನಗೆ ಕೆಟ್ಟ ಜಾತಿಯದೂ ಕಂಡಿದೆ, ಮೈಸೂರಿಗೆ ಕರೆದುಕೊಂಡು ಹೋಗು, ಇನ್ನೊಂದು ಸಲ ರಕ್ತ ತೋರಿಸು ಎಂದೆ.

"ಯಾಕಕ್ಕ, ಇದ್ರಲ್ಲಿ ಅಂಗ ಬರ್ದದಾ?"

"ಇದರಲ್ಲಿ ಬರೆದಿಲ್ಲ."

ಅವಳು ಕಾಗದ ನೋಡಿದಳು, ನನ್ನನ್ನು ನೋಡಿದಳು. ಸಹಿಯಿದ್ದದ್ದು ಕಾಗದದಲ್ಲಿ. "ಡಾಕ್ಟ್ರ ಕೇಳ್ತೀನಿ ಬುಡಿ" ಎಂದು ಗಂಡನನ್ನು ಎಬ್ಬಿಸಿಕೊಂಡು ಹೋದಳು.

ನಾನು ಒಳಗೆ ಬರುವಷ್ಟರಲ್ಲಿ ಸ್ಲೈಡ್ ಇರಲಿಲ್ಲ. ಹುಳ ಸಿಕ್ಕ ಸ್ಲೈಡನ್ನು ತೆಗೆದಿಡಬೇಕು, ಅದು ನಿಯಮ. ಯಜಮಾನರು ಅದನ್ನು ತೊಳೆಯಲು ಹಾಕಿಸಿದ್ದರು. ಸೋಪಿನ ನೀರಿನ ಬೇಸಿನ್ನಿನಲ್ಲಿ ಹುಡುಕಿದೆ. ಮಾರ್ಕರಿನ ಸುತ್ತೂ ಅಳಿಸಿಹೋಗಿ ಗಾಜುಗಳೆಲ್ಲ ಒಂದೇ ಥರ ಇದ್ದವು.

ಕೆಲವೇ ದಿನಗಳಲ್ಲಿ ನಂಜುಂಡ ಏನೇನೋ ಬಡಬಡಿಸತೊಡಗಿದನಂತೆ. ಇಲ್ಲದ ಸ್ಟಿಯರಿಂಗ್ ತಿರುಗಿಸುವುದು, ಯಾರನ್ನೋ ದಾರಿ ಬಿಡಲಾ ಎಂದು ಬೈಯುವುದು. ಜ್ವರಕ್ಕೆ ಮಾತ್ರೆ ಹೋಗುತ್ತಿದೆ, ಡಾಕ್ಟರು ಸಣ್ಣ ಮಲೇರಿಯಾ ಎಂದಿದ್ದಾರೆ, ಹಾಗಿದ್ದ ಮೇಲೆ ಇದು ಘಾಟಿಯಲ್ಲಿ ಸೋಕಿದ ಗಾಳಿಯೇ ಎಂದು ಮನೆಯವರು ತೀರ್ಮಾನಿಸಿದರು. ಅವರನ್ನು ನಾನು ಹೇಗೆ ಬೈಯಲಿ? ಕಾಗದ ಹಾಗೆ ಹೇಳುವಾಗ ಅವರಿಗೆ ಉಳಿದದ್ದು ದೆವ್ವವೊಂದೇ. ಬೇವಿನ ಸೊಪ್ಪಿನಲ್ಲಿ ಬಡಿಸಿದರು. ಬಡಿಸಿಕೊಳ್ಳುವಾಗಲೇ ಅವನಿಗೆ ಎಚ್ಚರ ತಪ್ಪಿತು. ಮೈಸೂರಿಗೆ ಹೊರಟ ಆಂಬುಲೆನ್ಸ್ ನರಸೀಪುರ ತಲುಪುವ ಮೊದಲೇ ಉಸಿರು ನಿಂತಿತ್ತು. ಇನ್ನೊಂದು ಸಲ ರಕ್ತ ನೋಡುವ ಸಂದರ್ಭ ಬರಲೇ ಇಲ್ಲ.

ಸಾವಿನ ಸೂತಕ ಕಳೆದ ಮೇಲೆ ಸುಂದ್ರಮ್ಮ ಬಂದಿದ್ದಳು. ಜಗಳಕ್ಕೆ ಬಂದಿದ್ದಾಳೆಂದು ಯಜಮಾನರು ಒಳಗೆ ಸೇರಿಕೊಂಡರು. ಅವಳು ನನ್ನೆದುರಿಗೆ ನಿಂತು ಒಂದೇ ಮಾತು ಕೇಳಿದಳು.

"ಯಾರಿಗೂ ಕಾಣದ್ದು ನಿಮಗ ಎಂಗ್ ಕಾಣ್ತಕ್ಕ?"

ಗಂಡನನ್ನು ದೆವ್ವದ ಹೆಸರಿನಲ್ಲಿ ಕಳೆದುಕೊಂಡವಳಿಗೆ, ಸತ್ತವರು ಬಂದು ತಟ್ಟಿದರು ಎಂದು ನಾನು ಯಾವ ಬಾಯಿಂದ ಹೇಳಲಿ? ಅವಳು ಹೊರಟುಹೋದಳು.

ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಲ್ಯಾಬಿನ ಮುಂದೆ ಕಲ್ಲಿನ ಲಾರಿಗಳು ಓಡಾಡುತ್ತವೆ, ಆಗ ಮೇಜು ಅದುರುವುದುಂಟು. ಹಾಗಾದರೆ ಆ ಸದ್ದು? ಸ್ಲೈಡ್ ತೆಗೆಯುವ ಆ ಗಳಿಗೆಗೇ ಸರಿಯಾಗಿ ಹೇಗೆ ಬಂತು? ಹೋಗಲಿ, ಎಲ್ಲ ನನ್ನ ತಲೆಯೊಳಗೇ ನಡೆದದ್ದು ಎಂದರೆ, ನಾನು ಕಂಡ ಹುಳವೂ ಅಲ್ಲೇ ಹುಟ್ಟಿತ್ತೇ? ಹಾಗಿದ್ದರೆ ನಂಜುಂಡ ಸತ್ತದ್ದು ಯಾತರಿಂದ? ತೊಳೆದ ಗಾಜನ್ನು ಕೇಳಬೇಕು ಅಷ್ಟೆ.

ಈಗಲೂ ಪ್ರತಿ ಸ್ಲೈಡಿನ ಅಂಚು ನೋಡುತ್ತೇನೆ. ತೆಗೆಯುವ ಮೊದಲು ಕೈಯಿಟ್ಟು ಸ್ವಲ್ಪ ಕಾಯುತ್ತೇನೆ. ಮತ್ತೆಂದೂ ಯಾರೂ ತಟ್ಟಿಲ್ಲ. ನನಗೆ ಭಯವೇನೂ ಇಲ್ಲ, ಇರುವುದು ಸಿಟ್ಟು. ಅದು ಶಿವಮಲ್ಲಪ್ಪನವರೇ ಆಗಿದ್ದರೆ ಅವರನ್ನು ಕೇಳುವುದು ಒಂದಿದೆ. ಅಷ್ಟು ದೂರದಿಂದ ಬಂದವರು, ಯಾರೂ ಕಿವಿಗೆ ಹಾಕಿಕೊಳ್ಳದ ನನ್ನ ಹತ್ತಿರವೇ ಯಾಕೆ ಬಂದಿರಿ ಸಾರ್? ಸಹಿಯಿದ್ದ ಕಂಪ್ಯೂಟರು ಪಕ್ಕದ ಕೋಣೆಯಲ್ಲೇ ಇತ್ತಲ್ಲ, ಅದರ ಮೇಲೆ ತಟ್ಟಬಾರದಿತ್ತೇ?