ವರ್ಲೀನಳ ಮೊಣಕಾಲಿನ ಗುರುತು

ಕಾಲೇಜಿನ ಆಟಗಾರರು ಯಾರಿಂದ ಏನು ತೆಗೆದುಕೊಳ್ಳಬಹುದು, ಏನು ಕೂಡದು ಎಂದು ಹೇಳುವುದು ವರ್ಲೀನ್ ಟಿಸ್‌ಡೇಲಳ ಕೆಲಸ. ಜಾರ್ಜಿಯಾದ ಆ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಾಳೆ. ಒಂದು ಕಾಲಕ್ಕೆ ಆಟಗಾರರಿಗೆ ಬರೀ ಬನ್ನು ಕೊಡಬಹುದಿತ್ತು; ಅದಕ್ಕೆ ಚೀಸ್ ಸವರಿದರೆ ಊಟವಾಗಿಬಿಡುತ್ತಿತ್ತು, ಊಟ ಹಾಕಿದರೆ ನಿಯಮ ಮುರಿದ ಹಾಗೆ. ವರ್ಲೀನ್ ಒಂದು ಚಮಚ ಚೀಸೂ ಬಿಟ್ಟವಳಲ್ಲ. ಹುಡುಗರು ಬೆನ್ನ ಹಿಂದೆ ಅವಳನ್ನು 'ಒಣಬನ್ನು' ಎನ್ನುತ್ತಿದ್ದರು. ಈಗ ಕಾಲ ತಿರುಗಿದೆ. ಹೆಸರು ಮಾಡಿದ ಹುಡುಗ ಜಾಹೀರಾತಿಗೆ ನಿಂತು ಕಾರು ಕೊಂಡರೂ ಕೇಳುವವರಿಲ್ಲ. ಆದರೆ ಓದುವ ವೀಸಾದ ಮೇಲೆ ಹೊರದೇಶದಿಂದ ಬಂದವರು ಇಲ್ಲಿ ಹಾಗೆ ದುಡಿದರೆ ವೀಸಾಕ್ಕೇ ಸಂಚಕಾರ.

ಉಗಾಂಡದ ನಕಾಟೊ ಸಿಕ್ಕಿಹಾಕಿಕೊಂಡದ್ದು ಅಲ್ಲೇ. ಅಡ್ಡಗಟ್ಟೆ ಹಾರಿ ಓಡುವ ಹರ್ಡಲ್ ಓಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಸಿನಿಮಾದವರು ಓಟಗಾರ್ತಿಯ ಪಾತ್ರಕ್ಕೆ ಅವಳನ್ನೇ ಕೇಳಿಕೊಂಡು ಬಂದರು. ಈಗಿನ ಸಿನಿಮಾದಲ್ಲಿ ಎಲ್ಲ ಬಣ್ಣದವರೂ ಇರಬೇಕಲ್ಲ! ವರ್ಲೀನ್ ಆಗದು ಎಂದಳು. ಪಾತ್ರಗಳಿಗೆ ಜನ ಹುಡುಕುವ ಪ್ರೂಯಿಟ್, ನೀವು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಆಸಾಮಿ. ವಾರ ಕಳೆದು ಮತ್ತೆ ಬಂದ.

"ಪಾತ್ರಕ್ಕೆ ಅಟ್ಲಾಂಟಾ ಹುಡುಗಿ ಒಬ್ಳು ಸಿಕ್ಕಿದಾಳೆ ಮೇಡಂ. ಅವಳೂ ಕಪ್ಪಗಿದಾಳೆ, ಮುಖ ಚೆನ್ನಾಗಿದೆ, ಹರ್ಡಲ್ ಕಂಡ್ರೆ ಮಾತ್ರ ನಡುಗ್ತಾಳೆ. ಹಾರೋ ದೃಶ್ಯಕ್ಕೆ ನಕಾಟೊ ಕಾಲಷ್ಟೇ ಸಾಕು. ಮುಖ ಬರಲ್ಲ, ಹೆಸರು ಬರಲ್ಲ. ಕೈಗೇ ದುಡ್ಡು. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಯ್ತಲ್ಲ. ಬಾಗಿಲು ಅಲ್ಲಿದೆ, ನಡಿ."

ಅವನು ತಂದಿದ್ದ ಒಪ್ಪಂದದ ಕಾಗದವನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಹೋಗಿ ನಿಂತ. ಮೂಲೆಯಲ್ಲಿ ಕೂತಿದ್ದ ನಕಾಟೊ ಎದ್ದಳು.

"ನಿಮಗೆ ಬರೀ ರೂಲ್ಸು, ಮಿಸ್ ವರ್ಲೀನ್. ಟೀಮಿನವರೆಲ್ಲ ದುಡೀತಾರೆ. ನಾನೊಂದು ದಿನ ಓಡಿದ್ರೆ ಆಕಾಶ ಕಳಚಿ ಬೀಳುತ್ತಾ? ಕೊಡಿ ಇಲ್ಲಿ, ಸಹಿ ಹಾಕ್ತೀನಿ."

ವರ್ಲೀನಳಿಗೆ ಸಿಟ್ಟಿಗಿಂತ ಭಯ ಹೆಚ್ಚಾಯಿತು. ಕೂತಲ್ಲೇ ಪ್ಯಾಂಟನ್ನು ಮೊಣಕಾಲಿನ ತನಕ ಮೇಲೆತ್ತಿದಳು. ಅಲ್ಲಿ ಅರ್ಧಚಂದ್ರದ ಹಾಗೆ ಹಳೆಯ ಗಾಯದ ಗುರುತು.

"ಎಂಬತ್ತೆಂಟರಲ್ಲಿ ನಾನೂ ಇಲ್ಲೇ ಹರ್ಡಲ್ ಓಡ್ತಿದ್ದೆ ಕಣೇ. ಸಿನಿಮಾದವರು ಬಂದ್ರು. ಹೀರೋಯಿನ್ ಬಿಳಿಯವಳು, ಹಾರೋಕೆ ಬರ್ತಿರ್ಲಿಲ್ಲ. ನನ್ನ ಕಾಲಿಗೆ ಬಿಳಿ ಬಣ್ಣ ಬಳಿದು ಓಡಿಸಿದ್ರು. ನಲವತ್ತು ಡಾಲರ್. ಆಗ ಓಡಿ ದುಡ್ಡು ತಗೊಂಡ್ರೆ ಮುಗೀತು, ಮತ್ತೆ ಕಾಲೇಜಿನ ಪರವಾಗಿ ಓಡೋ ಹಾಗಿಲ್ಲ. ಆದ್ರೆ ಮುಖ ಇಲ್ವಲ್ಲ, ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ."

"ಮತ್ತೆ ಹೇಗೆ ಗೊತ್ತಾಯ್ತು?"

"ನಮ್ಮಮ್ಮ ಸಿನಿಮಾ ನೋಡಿದ್ಲು. ಬಣ್ಣದೊಳಗೂ ಈ ಗುರುತು ಹಿಡಿದ್ಲು. ಭಾನುವಾರ ಚರ್ಚಲ್ಲಿ ಎದ್ದು ನಿಂತು, 'ದೇವರು ನನ್ನ ಮಗಳ ಕಾಲನ್ನ ಊರಿಗೆಲ್ಲ ತೋರಿಸಿದ' ಅಂತ ಎಲ್ಲರೆದುರು ದೇವರ ಕೃಪೆಗೆ ಸಾಕ್ಷಿ ಹೇಳಿದ್ಲು. ಹಾಡೋರ ಸಾಲಲ್ಲಿ ನಮ್ಮ ಎದುರಾಳಿ ಕಾಲೇಜಿನ ಕೋಚ್ ಹೆಂಡತಿ ಕೂತಿದ್ಲು. ಬುಧವಾರಕ್ಕೆ, ಇನ್ನು ಓಡೋ ಹಾಗಿಲ್ಲ ಅಂತ ಕಾಗದ ಬಂತು. ಕೊನೇ ವರ್ಷ ನಾನು ಓಡ್ಲಿಲ್ಲ."

"ಅಮ್ಮನ್ನ ಬೈದ್ರಾ?"

"ಇಲ್ಲ. ಆದ್ರೆ ಸಾಯೋವರೆಗೂ ಅವಳು ಚರ್ಚಲ್ಲಿ ಮತ್ತೆ ಎದ್ದು ನಿಂತು ಬಾಯಿ ಬಿಡ್ಲಿಲ್ಲ."

ನಕಾಟೊ ಬಗ್ಗಿ ಆ ಗುರುತನ್ನು ನೋಡಿದಳು. "ನಮ್ಮಮ್ಮ ಆದ್ರೆ ಸಂತೇಲಿ ನಿಂತು ಕೂಗ್ತಾಳೆ" ಎಂದಳು. ನಗಲು ಹೋದಳು, ಅಳು ಬಂತು. ಕಿಟಕಿಯಾಚೆ ಪ್ರೂಯಿಟ್ ಇನ್ನೂ ಕಾಯುತ್ತಿದ್ದ. ಅವಳು ಕಾಗದವನ್ನು ಮಡಚಿ ವರ್ಲೀನಳ ಕೈಗಿಟ್ಟಳು.

"ಅವನಿಗೆ ನೀವೇ ಹೇಳಿ ಮಿಸ್ ವರ್ಲೀನ್. ನಾನು ಹೋದ್ರೆ ಹೂಂ ಅಂದ್ಬಿಡ್ತೀನಿ."