ಹನ್ನೊಂದು ಡಬ್ಬಿ, ಒಂದು ಜಗಳ

ಅಪ್ಪ ತೀರಿಕೊಂಡ ಮರುದಿನ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಹನ್ನೊಂದು ಸ್ಟೀಲ್ ಡಬ್ಬಿಗಳು ಸಾಲಾಗಿ ಕೂತಿದ್ದವು. ಎಂಟರಲ್ಲಿ ಅನ್ನ-ಸಾರು. ಎರಡರಲ್ಲಿ ಉಪ್ಪಿಟ್ಟು. ಒಂದರಲ್ಲಿ ಮಾತ್ರ ರೊಟ್ಟಿ, ಪುಂಡಿಸೊಪ್ಪಿನ ಪಲ್ಲೆ. (ಇಂಥ ಹೊತ್ತಿನಲ್ಲೂ ಲೆಕ್ಕ ಇಟ್ಟೆಯಾ ಎಂದು ಕೇಳಬೇಡಿ. ಈ ಅಂಕಣ ಓದುವವರಿಗೆ ನನ್ನ ಚಟ ಗೊತ್ತು.)

ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವಂತಿಲ್ಲ, ಓಣಿಯವರು ಉಣಿಸಬೇಕು. ಚೆಂದದ ಪದ್ಧತಿ. ಆದರೆ ಮನೆಯಲ್ಲಿ ಉಳಿದವರು ಇಬ್ಬರೇ, ನಾನು ಮತ್ತು ಅವ್ವ. ಅದರಲ್ಲಿ ಅವ್ವ ಉಣ್ಣುತ್ತಿರಲಿಲ್ಲ. ಮಾತೂ ಆಡುತ್ತಿರಲಿಲ್ಲ. ಅಪ್ಪ ಮಲಗುತ್ತಿದ್ದ ಮಂಚದ ಕಾಲಿಗೆ ಒರಗಿ ಕೂತುಬಿಟ್ಟಿದ್ದಳು. ಅವಳಿಗೆ ಶುಗರ್ ಬೇರೆ. ಹೀಗೇ ಕೂತರೆ ನಾಳೆ ಆ ಮಂಚ ಹತ್ತುವವಳು ಇವಳೇ ಎಂದು ನನಗೆ ಹೆದರಿಕೆ.

ಸಾಂತ್ವನಕ್ಕೇನು ಬರವೇ? ಅಪ್ಪನಿಗೆ ಲಕ್ವಾ ಹೊಡೆದಾಗಿನಿಂದ ಅದು ಸುರಪುರದ ನಮ್ಮ ಮನೆಗೆ ಹರಿದುಬರುತ್ತಲೇ ಇತ್ತು. ಬಂದವರೆಲ್ಲ ಮೊದಲು ಅಪ್ಪನ ಪರೀಕ್ಷೆ ತೆಗೆದುಕೊಳ್ಳುತ್ತಿದ್ದರು.

"ಕಾಕಾ, ನಾ ಯಾರು? ಹೆಸರು ಹೇಳ್ರಿ ನೋಡೂನು!"

ಬಾಯಿ ಒಂದು ಕಡೆ ವಾಲಿದ ಮನುಷ್ಯ ತೊದಲಿಕೊಂಡು ಹೆಸರು ಹೇಳಿದರೆ ಪಾಸು. ತಪ್ಪಿದರೆ "ಪಾಪ, ಖಲಾಸ್ ಬಿಡ್ರಿ" ಎಂದು ಅಪ್ಪನ ಎದುರೇ ರಿಸಲ್ಟ್. ಆಮೇಲೆ ಚಹಾ. ರಾತ್ರಿಯಿಡೀ ಅಪ್ಪನ ಮಗ್ಗುಲು ಬದಲಿಸಿದ ಅವ್ವ ಹಗಲಿಡೀ ಇವರಿಗೆ ಚಹಾ ಕಾಸುತ್ತಿದ್ದಳು. ಹೊರಡುವಾಗ ಎಲ್ಲರದೂ ಒಂದೇ ಮಾತು: "ಏನರ ಬೇಕಾದ್ರ ಹೇಳ್ರಿ."

ಒಮ್ಮೆ ಹೇಳಿಯೇಬಿಟ್ಟೆ. ಶಹಾಪುರದಿಂದ ಬಂದಿದ್ದ ಸೋದರತ್ತೆಗೆ.

"ಎರಡು ತಾಸು ಅಪ್ಪನ ಬಾಜೂಕ ಕೂಡ್ರಿ ಅತ್ತಿ, ಅವ್ವ ಒಂದೀಟು ಮಲಗ್ತಾಳ."

ಅತ್ತೆ ಗೋಡೆಯ ಗಡಿಯಾರ ನೋಡಿದರು. "ಅಯ್ಯ, ಬಸ್ಸಿನ ಟೈಮ್ ಆತಲ್ಲವ್ವ!" (ಶಹಾಪುರಕ್ಕೆ ಅದೇ ಕೊನೆಯ ಬಸ್ಸು ಅನ್ನುವ ಹಾಗೆ. ಆಗ ಮಧ್ಯಾಹ್ನ.)

ಇರಲಿ. ಅಪ್ಪ ಹೋದ ಮೂರನೇ ದಿನ ಶರಣಕ್ಕ ಬಂದಳು. ನಾರಾಯಣಪುರದಲ್ಲಿ ಅಪ್ಪನಿಗೆ ಡ್ಯಾಮಿನ ನೌಕರಿ ಇದ್ದಾಗ ಕ್ವಾರ್ಟರ್ಸ್‌ನಲ್ಲಿ ಇವಳದು ಪಕ್ಕದ ಮನೆ. ಈಗ ಇಲ್ಲಿ ನಮ್ಮ ಓಣಿಯಲ್ಲೇ ಇದ್ದಾಳೆ. ರೊಟ್ಟಿ, ಪುಂಡಿಪಲ್ಲೆ ಕಳಿಸಿದವಳು ಅವಳೇ. ಬಂದವಳು ಕಣ್ಣೊರೆಸಿಕೊಳ್ಳಲಿಲ್ಲ, ನಿಟ್ಟುಸಿರು ಬಿಡಲಿಲ್ಲ.

"ನನ್ನ ಡಬ್ಬಿ ಕೊಡವ್ವ. ನಾಳಿಂದ ನಮ್ಮನಿಯವರು ಬುತ್ತಿ ಯಾತರಾಗ ಒಯ್ಯಬೇಕು?"

ಸಾವಿನ ಮನೆಗೆ ಬಂದು ಡಬ್ಬಿ ಕೇಳುವುದೇ! ಉಳಿದವರು ಎಷ್ಟು ಸಭ್ಯರು ನೋಡಿ. ಡಬ್ಬಿ ಕೇಳಿದ ಹಾಗಾಗುತ್ತದೆ ಎಂದು ಈ ಕಡೆ ಹಾಯಲೇ ಇಲ್ಲ.

ತೊಳೆದಿಟ್ಟಿದ್ದ ಡಬ್ಬಿಯನ್ನು ಸಿಟ್ಟಿನಿಂದ ತಂದು ನೆಲಕ್ಕೆ ಕುಕ್ಕಿದೆ. ಅವ್ವ ಕತ್ತೆತ್ತಿ ನೋಡಿದಳು.

"ಶರಣಿ, ಅದು ನನ್ನ ಡಬ್ಬಿ."

ಮೂರು ದಿನಗಳಲ್ಲಿ ಅವಳ ಮೊದಲ ಮಾತು.

"ನಿಂದ್ಹ್ಯಾಂಗ? ನನ್ನ ಮಗ ತೊಟ್ಟಿಲದಾಗ ಇದ್ದಾಗಿಂದ ನಮ್ಮನ್ಯಾಗ ಅದ."

"ಹೆಸರು ಓದು. ಓದಾಕ ಬರ್ತದಿಲ್ಲೊ?"

ಪಾತ್ರೆ ಕೊಂಡಾಗ ಅಂಗಡಿಯಲ್ಲೇ ಹೆಸರು ಕೊರೆಸುವುದು ನಮ್ಮ ಕಡೆ ರೂಢಿ. ತೊಳೆಯುವಾಗ ನಾನು ಗಮನಿಸಿರಲಿಲ್ಲ. ಈಗ ಎತ್ತಿ ಓದಿದೆ. ಅಂಚಿನ ಮೇಲೆ, ಸವೆದ ಚುಕ್ಕೆಗಳಲ್ಲಿ, ಅಪ್ಪನ ಹೆಸರು. ಅದರ ಪಕ್ಕ ಅವ್ವನದು.

"ನಿನ್ನ ಮಗನ ತೊಟ್ಟಿಲಿಗೆ ಇದರಾಗ ಹೋಳಿಗಿ ಕಳಿಸಿದ್ದೆ. ಹೋಳಿಗಿ ತಿಂದಿ, ಡಬ್ಬಿನೂ ನುಂಗಿದಿ!"

"ಏನ್ ಹೋಳಿಗೀನೋ! ನಿನ್ನ ಗಂಡನಾ ಅಂದಿದ್ದ, ಡ್ಯಾಮಿಗೆ ಕಲ್ಲು ಕಡಿಮಿ ಬಿದ್ರ ಈ ಹೋಳಿಗಿ ಇಡಬಹುದು ಅಂತ."

ಅವ್ವ ನಕ್ಕುಬಿಟ್ಟಳು. ನಗುತ್ತಲೇ ಅಳು ಬಂತು, ಅಪ್ಪ ಹೋದ ಮೇಲೆ ಮೊದಲ ಸಲ. ನಾನು ಎದ್ದು ಹತ್ತಿರ ಹೋಗಲು ನೋಡಿದೆ. ಶರಣಕ್ಕ ಕಣ್ಣಲ್ಲೇ ತಡೆದಳು. ಅಳು ಮುಗಿಯುವ ತನಕ ಅವ್ವನ ಪಕ್ಕದಲ್ಲಿ ಕೂತಳು. ಆಮೇಲೆ ಸೆರಗಿನಡಿಯಿಂದ ಅರಿವೆಯಲ್ಲಿ ಸುತ್ತಿದ ರೊಟ್ಟಿ ತೆಗೆದಳು. (ಡಬ್ಬಿ ಕೇಳಲು ಬಂದವಳು ರೊಟ್ಟಿ ಯಾಕೆ ತಂದಿದ್ದಳು? ಕೇಳಿದರೆ ನನಗೂ ಬೈಗುಳ ಬೀಳುತ್ತಿತ್ತು.)

"ಡಬ್ಬಿ ನಿಂದಾ ಇರ್ಲಿ. ರೊಟ್ಟಿ ನಂದು. ಮೊದಲು ತಿನ್ನು, ಆಮ್ಯಾಲ ಬೈ."

ಅವ್ವ ಒಂದೂವರೆ ರೊಟ್ಟಿ ತಿಂದಳು.

ಅಂದಿನಿಂದ ಶರಣಕ್ಕ ದಿನಾ ಬರುತ್ತಾಳೆ. ಇಬ್ಬರೂ ಕೂತು ಹಳೆಯ ಕ್ವಾರ್ಟರ್ಸಿನ ಜಗಳಗಳನ್ನು ಒಂದೊಂದಾಗಿ ತೆಗೆದು ಮತ್ತೆ ಆಡುತ್ತಾರೆ. ಸ್ಟಾಕು ಸಾಕಷ್ಟಿದೆ. ಹಾಗಾಗಿ ನಾನು ಯಾದಗಿರಿಯ ಆಫೀಸಿಗೆ ನಿಶ್ಚಿಂತೆಯಿಂದ ಹೋಗಿಬರುತ್ತಿದ್ದೇನೆ.

ಕಳೆದ ಭಾನುವಾರ ಹತ್ತಿಕುಣಿಯಿಂದ ದೂರದ ನೆಂಟರೊಬ್ಬರು ಬಂದಿದ್ದರು. ಕೈ ಬೀಸಿಕೊಂಡು ಬಂದು, ಅವ್ವನ ಎದುರು ಕೂತು, ಮುಖ ಸಣ್ಣದು ಮಾಡಿ, "ಏನ್ ಮಾಡಾಕ ಬರ್ತದ ಅಕ್ಕಾ, ಧೈರ್ಯ ತಗೋಬೇಕು" ಎಂದರು.

ಅವ್ವ ಹೇಳಿದಳು: "ಧೈರ್ಯ ಮನಿ ತುಂಬ ಅದ ತಮ್ಮಾ, ಬಂದವರೆಲ್ಲ ಅದನ್ನ ಕೊಟ್ಟು ಹೋಗ್ಯಾರ. ಪಲ್ಯಾ ಏನರ ತಂದೀಯೇನು?"